ಬಿಸಿಲಿಗೆ ಬೆಂದ ಗಜನಿಂಬೆಗೆ ಐವತ್ತರ ಶೇಡ್ ನೆಟ್

ಚಿಕ್ಕಮಗಳೂರಿನಲ್ಲಿ ಕೃಷಿ ಸಾಮಗ್ರಿ ಮಾರುವ ಯಾವ ಅಂಗಡಿಗೆ ಹೋದರೂ ಟಾರ್ಪಾಲು, ಸ್ಪ್ರೇಯರು, ಪೈಪುಗಳ ಪಕ್ಕದಲ್ಲಿ ಹಸಿರು ಶೇಡ್ ನೆಟ್‌ನ ಸುರುಳಿಗಳು ಗೋಡೆಗೆ ಒರಗಿರುತ್ತವೆ. ಕಾಫಿ ಸಸಿಗಳ ಚಪ್ಪರಕ್ಕೆಂದು ತೋಟದವರು ಸುರುಳಿಗಟ್ಟಲೆ ಒಯ್ಯುವ ಇದನ್ನು, ತಾರಸಿಯ ಮೇಲೆ ನಾಲ್ಕಾರು ಕುಂಡ ಇಟ್ಟುಕೊಂಡಿರುವ ನಮ್ಮಂಥವರಿಗೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿಯೂ ಕೊಡುತ್ತಾರೆ. ಕಳೆದ ಬೇಸಿಗೆಯಲ್ಲಿ ಬೆಂದುಹೋಗಿದ್ದ ಕುಂಡದ ಗಜನಿಂಬೆ ಗಿಡವನ್ನು ಉಳಿಸಿಕೊಳ್ಳಲು ಅಂಗಡಿಯಿಂದ ತಂದ ವಸ್ತುಗಳಲ್ಲಿ, ಕೊಟ್ಟ ಹಣಕ್ಕೆ ನ್ಯಾಯ ಒದಗಿಸಿದ್ದು ಈ ನೆಟ್ ಒಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಎಷ್ಟು ಶೇಕಡಾದ ನೆಟ್ ಬೇಕು, ಎಷ್ಟು ಎತ್ತರದಲ್ಲಿ ಕಟ್ಟಬೇಕು, ಯಾವಾಗ ಬಿಚ್ಚಬೇಕು ಎಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಇದರ ಉಪಯೋಗವೆಲ್ಲ ಆ ಮೂರು ವಿಷಯಗಳ ಮೇಲೆಯೇ ನಿಂತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ತಾರಸಿಗೆ ಅಷ್ಟು ವರ್ಷ ನೆರಳು ಕೊಡುತ್ತಿದ್ದದ್ದು ಪಕ್ಕದ ಖಾಲಿ ನಿವೇಶನದಲ್ಲಿದ್ದ ಹಲಸಿನ ಮರ. ಅಲ್ಲಿ ಮನೆ ಕಟ್ಟುವ ಸಲುವಾಗಿ ಮಾರ್ಚ್‌ನಲ್ಲಿ ಆ ಮರ ಹೋಯಿತು, ಮಧ್ಯಾಹ್ನದ ಬಿಸಿಲು ನೇರವಾಗಿ ಕುಂಡಗಳ ಮೇಲೆ ಬಿತ್ತು. ನಮ್ಮ ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ನೆರಳಿನಲ್ಲಿ ನಿಂತರೆ ಬೇಸಿಗೆಯಲ್ಲೂ ಹಿತವಾಗಿರುವ ಕಾರಣ, ಇಲ್ಲಿನ ಬಿಸಿಲು ಗಿಡ ಸುಡುವಷ್ಟು ಖಾರವಾಗಿರಲಾರದು ಎಂದು ಅನೇಕರು ನಂಬಿದ್ದಾರೆ. ಗಾಳಿಯ ತಂಪು ಬೇರೆ, ಬಿಸಿಲಿನ ತೀಕ್ಷ್ಣತೆ ಬೇರೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಭಾಗದಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಪ್ಯಾರಪೆಟ್ ಗೋಡೆಯಾಗಲಿ, ನೀರಿನ ಟ್ಯಾಂಕಾಗಲಿ ಹೇಳಿಕೊಳ್ಳುವಷ್ಟು ನೆರಳು ಬೀಳಿಸುವುದಿಲ್ಲ, ಕೆಳಗಿನ ಸಿಮೆಂಟು ನೆಲ ಸಂಜೆಯವರೆಗೂ ಕಾವು ಹಿಡಿದಿಟ್ಟುಕೊಳ್ಳುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಂದು ಹೋದ ಮೇಲೆ ಮುಂದಿನ ಮಳೆಗೆ ಕಾಯುವ ಆ ಬಿಡುವಿನಲ್ಲಿಯೇ ಗಿಡ ಕೆಟ್ಟಿತು.

ಬಿಸಿಲಿನ ಸುಟ್ಟಗಾಯ ಹೇಗಿರುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು, ಏಕೆಂದರೆ ಎಲೆ ಹಳದಿಯಾಯಿತು ಎಂದೊಡನೆ ಗೊಬ್ಬರ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಗಿಡದ ಪಶ್ಚಿಮ ಮಗ್ಗುಲಿನಲ್ಲಿ, ಆಕಾಶಕ್ಕೆ ಮುಖ ಮಾಡಿದ ಎಲೆಗಳ ಉಬ್ಬಿದ ನಡುಭಾಗ ಮೊದಲು ಬಣ್ಣಗೆಟ್ಟು ತಿಳಿಹಳದಿಯಾಗಿ, ಆಮೇಲೆ ಒಣ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಆ ಮಚ್ಚೆಯ ಮೇಲೆ ಹೆಬ್ಬೆರಳು ಒತ್ತಿದರೆ ಕಾಗದದಂತೆ ಸದ್ದಾಗುತ್ತಿತ್ತು. ಅದೇ ಎಲೆಯನ್ನು ತಿರುವಿ ನೋಡಿದರೆ ಅಂಚಿನ ಸುತ್ತ ಹಸಿರು ಹಾಗೆಯೇ ಉಳಿದಿತ್ತು, ಒಂದು ಎಲೆಯ ಮೇಲೆ ಇನ್ನೊಂದರ ನೆರಳು ಬಿದ್ದಿದ್ದ ಕಡೆ ಆ ನೆರಳಿನ ಗೆರೆಯೇ ಅಚ್ಚೊತ್ತಿದಂತೆ ಕಾಣುತ್ತಿತ್ತು. ಹೀಗೆ ಬಿಸಿಲು ತಾಗಿದ ಕಡೆ ಮಾತ್ರ ಗಾಯವಾಗಿ, ಹಿಂಬದಿಯ ಮತ್ತು ಒಳಗಿನ ಎಲೆಗಳು ಚೆನ್ನಾಗಿದ್ದರೆ ಅದು ಬಿಸಿಲಿನ ಕೆಲಸವೇ. ಕಬ್ಬಿಣಾಂಶದ ಕೊರತೆಯಾದರೆ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗುತ್ತದೆ. ಮೆಗ್ನೀಸಿಯಂ ಕೊರತೆಯಲ್ಲಿ ಹಳೆಯ ಎಲೆಯ ತೊಟ್ಟಿನ ಬಳಿ ಹಸಿರು ಮುಕ್ಕೋನವೊಂದು ಉಳಿಯುತ್ತದೆ. ಕಜ್ಜಿ ರೋಗದ ಚುಕ್ಕೆಗಳು ಉಬ್ಬಿದ್ದು ಒರಟಾಗಿರುತ್ತವೆ, ಸುತ್ತ ಹಳದಿ ಬಳೆ ಇರುತ್ತದೆ. ಇವು ಯಾವುವೂ ದಿಕ್ಕು ನೋಡಿಕೊಂಡು ಬರುವುದಿಲ್ಲ.

ಎಲೆ ಏಕೆ ಸುಡುತ್ತದೆ ಎಂಬುದು ತಿಳಿದಿದ್ದರೆ ನೆಟ್ ಆಯ್ಕೆ ಸುಲಭವಾಗುತ್ತದೆ. ಎಲೆಯು ತನ್ನ ಸಣ್ಣ ರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಬಿಟ್ಟು ಮೈ ತಂಪಾಗಿಸಿಕೊಳ್ಳುತ್ತದೆ. ಬೇರಿನಿಂದ ಬರುವ ನೀರು ಸಾಲದಾದಾಗ ಅಥವಾ ಗಾಳಿ ತೀರ ಒಣಗಿದಾಗ ಗಿಡ ಆ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಎಲೆಯ ಉಷ್ಣತೆ ಸುತ್ತಲ ಗಾಳಿಗಿಂತ ಎಷ್ಟೋ ಡಿಗ್ರಿ ಮೇಲೇರುತ್ತದೆ, ಬಳಸಲಾಗದ ಬೆಳಕು ಹರಿತ್ತನ್ನೇ ಒಡೆಯುತ್ತದೆ. ನಿಂಬೆ ಜಾತಿಯ ಎಲೆಯೊಂದು ಪೂರ್ಣ ಬಿಸಿಲಿನ ಸುಮಾರು ಮೂರನೇ ಒಂದು ಭಾಗದಷ್ಟು ಬೆಳಕಿನಲ್ಲಿಯೇ ತನ್ನ ಆಹಾರ ತಯಾರಿಕೆಯ ಗರಿಷ್ಠ ಮಟ್ಟ ಮುಟ್ಟುತ್ತದೆ, ಅದಕ್ಕಿಂತ ಮೇಲಿನದ್ದು ಆ ಎಲೆಗೆ ಹೊರೆ. ಹಾಗೆಂದು ಇಡೀ ಗಿಡಕ್ಕೆ ಬಿಸಿಲು ಬೇಡವೆಂದಲ್ಲ, ಏಕೆಂದರೆ ಒಳಗಿನ ಎಲೆಗಳಿಗೂ ಬೆಳಕು ತಲುಪಬೇಕು, ಹೂ ಕಾಯಿ ಆಗಬೇಕಾದರೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಸಿಗಬೇಕು. ಈ ಜಿಲ್ಲೆಯ ಕಾಫಿ ತೋಟಗಳಲ್ಲಿ ಹಿಂದಿನಿಂದಲೂ ಕಿತ್ತಳೆ ಮರಗಳು ಮರದ ನೆರಳಿನ ನಡುವೆ ಬೆಳೆದು ಕಾಯಿ ಬಿಟ್ಟಿರುವುದನ್ನು ನೋಡಿದವರಿಗೆ, ಸೋಸಿದ ಬೆಳಕು ಈ ಕುಲಕ್ಕೆ ಒಗ್ಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಶೇಡ್ ನೆಟ್‌ನ ಮೇಲೆ ಬರೆಯುವ ಶೇಕಡಾ ಸಂಖ್ಯೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂಬುದರ ಲೆಕ್ಕ. ಪೇಟೆಯಲ್ಲಿ 35, 50, 75 ಮತ್ತು 90 ಶೇಕಡಾದವು ಸಿಗುತ್ತವೆ. ಕೃಷಿ ಬಳಕೆಯ ಶೇಡ್ ನೆಟ್‌ಗೆ ಐಎಸ್ 16008 ಎಂಬ ಭಾರತೀಯ ಮಾನಕವೇ ಇದೆ, ಆದರೆ ಸುರುಳಿಯಿಂದ ಕತ್ತರಿಸಿ ಕೊಡುವ ಚಿಲ್ಲರೆ ತುಂಡಿನ ಮೇಲೆ ಯಾವ ಗುರುತೂ ಇರುವುದಿಲ್ಲ. ಆದ್ದರಿಂದ ಕತ್ತರಿಸುವ ಮುನ್ನ ಸುರುಳಿಯ ಚೀಟಿಯನ್ನು ತೋರಿಸಲು ಕೇಳುವುದು ಒಳ್ಳೆಯದು. ನಾನು ಹೋದ ಮೊದಲ ಅಂಗಡಿಯಲ್ಲಿ "ಮೆಣಸು ಒಣಗಿಸೋದಕ್ಕಾ ಅಕ್ಕ?" ಎಂದು ಕೇಳಿ, ಕಣದಲ್ಲಿ ಹಾಸುವ ಬೇರೆಯೇ ಜಾತಿಯ ನೆಟ್ ಒಂದನ್ನು ಬಿಚ್ಚಿದರು. ಗಿಡಕ್ಕೆ ಎಂದಾಗ, "ಹಾಗಾದ್ರೆ ತೊಂಬತ್ತರದ್ದೇ ತಗೊಳ್ಳಿ, ಬಿಸಿಲೇ ಬೀಳಲ್ಲ" ಎಂದರು. ಗಿಡವನ್ನು ಉಳಿಸುವ ಆತುರದಲ್ಲಿರುವವರಿಗೆ ಈ ಸಲಹೆ ಸಮಾಧಾನ ಕೊಡುತ್ತದೆ. ಆದರೆ ತೊಂಬತ್ತರ ಕೆಳಗೆ ನಿಂಬೆ ಗಿಡ ಸಾಯದೆ ಉಳಿದರೂ ಚಿಗುರುವಷ್ಟು ಬೆಳಕು ಸಿಗದೆ ಸೊರಗುತ್ತದೆ, ಬಂದ ಚಿಗುರು ಉದ್ದನೆ ಎಳೆದುಕೊಂಡು ತೆಳುವಾಗುತ್ತದೆ, ನೆಟ್ ತೆಗೆದ ದಿನವೇ ಆ ಚಿಗುರು ಮತ್ತೆ ಸುಡುತ್ತದೆ. ಮತ್ತೊಂದು ಅಂಗಡಿಯವರು ಐವತ್ತರ ಸುರುಳಿಯನ್ನು ಬಾಗಿಲ ಹೊರಗೆ ತಂದು ಬಿಸಿಲಿಗೆ ಹಿಡಿದು, ಅದರ ಕೆಳಗೆ ತಮ್ಮ ಅಂಗೈ ಇಟ್ಟು ತೋರಿಸಿದರು. ಅಂಗೈ ಮೇಲೆ ಬಿದ್ದ ಸಣ್ಣ ಸಣ್ಣ ಬೆಳಕಿನ ಚೌಕಗಳು ಎಲ್ಲ ಕಡೆಯೂ ಒಂದೇ ಸಮನಾಗಿದ್ದವು, ಎಲ್ಲಿಯೂ ಎಳೆ ಜಾರಿ ಕಿಂಡಿಯಾಗಿರಲಿಲ್ಲ. ನೆಟ್ ಕೊಳ್ಳುವವರೆಲ್ಲ ಈ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು.

ಇದಕ್ಕೊಂದು ಅನುಕೂಲದ ಲೆಕ್ಕವೂ ಇದೆ. ಐವತ್ತರ ನೆಟ್‌ ಅನ್ನು ಎರಡು ಪದರ ಮಾಡಿದರೆ ಅರ್ಧದ ಅರ್ಧ, ಎಂದರೆ ನಾಲ್ಕನೇ ಒಂದು ಭಾಗ ಬೆಳಕು ಮಾತ್ರ ಒಳಗೆ ಬರುತ್ತದೆ. ಎಲೆ ಉದುರಿ ಕೊಂಬೆ ಬರಿದಾಗಿದ್ದ ಆರಂಭದಲ್ಲಿ ನಡುಹಗಲಿನ ಹೊತ್ತಿಗೆ ಎರಡು ಪದರ, ಚೇತರಿಕೆ ಕಂಡ ಮೇಲೆ ಒಂದೇ ಪದರ ಎಂದು ಒಂದೇ ತುಂಡಿನಲ್ಲಿ ಎರಡೂ ಕೆಲಸ ಆಯಿತು, ಎಪ್ಪತ್ತೈದರದ್ದನ್ನು ಬೇರೆಯಾಗಿ ತರುವ ಅಗತ್ಯ ಬೀಳಲಿಲ್ಲ.

ಕಟ್ಟುವ ಕ್ರಮಕ್ಕೆ ಬರುತ್ತೇನೆ, ಏಕೆಂದರೆ ಒಳ್ಳೆಯ ನೆಟ್ ಕೂಡ ಇಲ್ಲಿಯೇ ವ್ಯರ್ಥವಾಗುತ್ತದೆ. ಗಿಡದ ತಲೆಗೆ ನೆಟ್ ಸುತ್ತುವುದು ಅಥವಾ ಸೀರೆ ಹೊದಿಸಿದಂತೆ ಮೇಲಿಂದ ಹಾಕುವುದು ಬೇಡ. ಬಿಸಿಲು ಕುಡಿದ ಬಟ್ಟೆ ಎಲೆಗೆ ತಾಗಿದರೆ ಮತ್ತಷ್ಟು ಗಾಯವಾಗುತ್ತದೆ, ಒಳಗಿನ ಬಿಸಿ ಗಾಳಿಗೂ ಹೊರಹೋಗಲು ದಾರಿಯಿರುವುದಿಲ್ಲ. ತುದಿ ಎಲೆಗಿಂತ ಎರಡು ಮೂರು ಅಡಿ ಎತ್ತರದಲ್ಲಿ, ನೀರಿನ ಟ್ಯಾಂಕಿನ ಕಂಬದಿಂದ ಬಟ್ಟೆ ಒಣಹಾಕುವ ಕಬ್ಬಿಣದ ಕಂಬಕ್ಕೆ ಜಿಐ ತಂತಿ ಎಳೆದು, ಅದರ ಮೇಲೆ ನೆಟ್ ಹರಡಿ ಬಿಗಿದೆವು. ಪೂರ್ವದ ಕಡೆ ಪೂರ್ತಿ ತೆರೆದು, ಪಶ್ಚಿಮದ ಕಡೆ ಮಾತ್ರ ಒಂದು ತುಂಡನ್ನು ಪ್ಯಾರಪೆಟ್ ಮಟ್ಟದವರೆಗೆ ಇಳಿಬಿಟ್ಟೆವು. ಇದರಿಂದ ಬೆಳಗಿನ ಎಳೆಬಿಸಿಲು ಗಿಡಕ್ಕೆ ನೇರವಾಗಿ ಸಿಕ್ಕಿ, ಹನ್ನೊಂದರಿಂದ ನಾಲ್ಕರವರೆಗಿನ ಉರಿ ಮಾತ್ರ ಸೋಸಿ ಬರುವಂತಾಯಿತು. ನೆತ್ತಿಯ ಬಿಸಿಲಿಗಿಂತ ಇಳಿಹೊತ್ತಿನ ಪಡುವಣ ಬಿಸಿಲೇ ಹೆಚ್ಚು ಹಾನಿ ಮಾಡುತ್ತದೆ ಎಂಬುದು ನನ್ನ ಅನಿಸಿಕೆ, ಏಕೆಂದರೆ ಆ ವೇಳೆಗೆ ಕುಂಡದ ಮಣ್ಣೂ ಕಾದಿರುತ್ತದೆ, ಗಾಳಿಯೂ ಒಣಗಿರುತ್ತದೆ. ಮಾರುವವರು ಮೇಲಿನ ಹೊದಿಕೆಗಷ್ಟೇ ಅಳತೆ ಹೇಳುತ್ತಾರೆ. ಪಶ್ಚಿಮದ ಇಳಿಬಿಡುವ ತುಂಡಿಗೂ ಸೇರಿಸಿ ಕೊಳ್ಳುವುದು ಲೇಸು.

ನೆಟ್‌ನಿಂದ ಆಗದ ಕೆಲಸಗಳನ್ನೂ ಹೇಳಬೇಕು. ಒಮ್ಮೆ ಬೆಂದ ಎಲೆ ಮತ್ತೆ ಹಸಿರಾಗುವುದಿಲ್ಲ, ನೆಟ್ ಕಟ್ಟಿದ ಮೇಲೂ ಕೆಲವು ಎಲೆಗಳು ಉದುರುತ್ತಲೇ ಇರುತ್ತವೆ. ಅದನ್ನು ನೋಡಿ ನೆಟ್ ಉಪಯೋಗವಿಲ್ಲ ಎಂದು ತೀರ್ಮಾನಿಸಬಾರದು. ಬೇರಿನ ಕಾವನ್ನು ಇಳಿಸುವುದು ನೆಟ್ ಒಂದರಿಂದ ಸಾಧ್ಯವಿಲ್ಲ. ಗೂಟಿ ಕಟ್ಟಿದ, ಎಂದರೆ ಕೊಂಬೆಯಲ್ಲೇ ಬೇರು ಬರಿಸಿ ಬೇರ್ಪಡಿಸಿದ ನಿಂಬೆ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ನೀರು ಹೀರುವ ಸಣ್ಣ ಬೇರುಗಳೆಲ್ಲ ಮೇಲ್ಮಣ್ಣಿನಲ್ಲಿ ಮತ್ತು ಕುಂಡದ ಒಳಗೋಡೆಗೆ ಅಂಟಿಕೊಂಡೇ ಹರಡಿರುತ್ತವೆ. ಕಪ್ಪು ಪ್ಲಾಸ್ಟಿಕ್ ಕುಂಡದ ಬಿಸಿಲು ಬೀಳುವ ಮಗ್ಗುಲನ್ನು ಮಧ್ಯಾಹ್ನ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿಯಿರುತ್ತದೆ, ಒಳಗಿನ ಬೇರಿಗೂ ಅದೇ ಬಿಸಿ. ಕುಂಡವನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಸುತ್ತ ಹಳೆಯ ಗೋಣಿಚೀಲ ಸುತ್ತಿ, ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಒಣಎಲೆಯ ದರಗು ಹಾಸಿದೆವು, ದರಗು ಕಾಂಡಕ್ಕೆ ತಾಗದಂತೆ ಸುತ್ತ ಸ್ವಲ್ಪ ಜಾಗ ಬಿಟ್ಟೆವು. ನೀರನ್ನು ಬೆಳಗ್ಗೆಯೇ, ಕುಂಡದ ಕೆಳತೂತಿನಿಂದ ಹರಿಯುವವರೆಗೆ ಕೊಟ್ಟು, ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲಷ್ಟೇ ಮತ್ತೆ ಕೊಡುವುದು ಕ್ರಮ. ಎಲೆ ಕಡಿಮೆಯಾದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಬಾಡಿದೆಯೆಂಬ ಮರುಕಕ್ಕೆ ದಿನಕ್ಕೆರಡು ಬಾರಿ ನೀರು ಸುರಿದರೆ ಬಿಸಿಲಿನಿಂದ ಉಳಿದ ಬೇರು ಕೊಳೆತು ಹೋಗುತ್ತದೆ.

ಎಲೆ ಉದುರಿದಾಗ ಅಲ್ಲಿಯವರೆಗೆ ಮರೆಯಲ್ಲಿದ್ದ ಕಾಂಡ ಬಿಸಿಲಿಗೆ ಬೀಳುತ್ತದೆ, ಎಳೆಯ ತೊಗಟೆ ಸುಟ್ಟು ಸೀಳಿದರೆ ಎಲೆಗಾಯಕ್ಕಿಂತ ಹೆಚ್ಚಿನ ನಷ್ಟ. ಗೋಡೆಗೆ ಬಳಿಯುವ ಸುಣ್ಣವನ್ನೇ ತೆಳ್ಳಗೆ ಕಲಸಿ, ಬರಿದಾದ ಕೊಂಬೆಗಳ ಮೇಲ್ಮೈಗೆ ಮತ್ತು ಕಾಂಡದ ಪಡುವಣ ಮಗ್ಗುಲಿಗೆ ಬಳಿದದ್ದು ಇಲ್ಲಿ ನೆರವಾಯಿತು. ತೋಟಗಾರಿಕೆಯಲ್ಲಿ ಬಳಸುವ ಕೆಯೊಲಿನ್ ಎಂಬ ಬಿಳಿ ಜೇಡಿಮಣ್ಣಿನ ಪುಡಿಯನ್ನು ಲೀಟರ್ ನೀರಿಗೆ 50 ಗ್ರಾಂನಂತೆ ಕಲಸಿ ಎಲೆಗೆ ಸಿಂಪಡಿಸುವ ಪದ್ಧತಿಯೂ ಇದೆ. ಆದರೆ ಅದು ಒಂದು ಜೋರು ಮಳೆಗೆ ತೊಳೆದು ಹೋಗುತ್ತದೆ, ಒಂದು ಕುಂಡಕ್ಕಾಗಿ ಅದನ್ನು ಹುಡುಕಿ ತರಬೇಕಾದ ಅಗತ್ಯವಿಲ್ಲ. ಕಾಫಿಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಹೊಡೆಯಿರಿ ಎಂದು ತೋಟದ ನೆಂಟರೊಬ್ಬರು ಪ್ರೀತಿಯಿಂದ ಹೇಳಿದ್ದರು. ಅದು ಶಿಲೀಂಧ್ರಕ್ಕೆ ಮದ್ದು, ಬಿಸಿಲಿನ ಗಾಯಕ್ಕೆ ಅದರಿಂದ ಏನೂ ಆಗದು.

ಬೇಸರದ ಸಂಗತಿಯೆಂದರೆ ನರ್ಸರಿಯೊಂದರಲ್ಲಿ ಸಿಕ್ಕ ಉಪಚಾರ. ಸುಟ್ಟ ಎಲೆಗಳನ್ನು ತೋರಿಸಿದಾಗ ಅವರು ಗಿಡ ಎಲ್ಲಿಟ್ಟಿದ್ದೀರಿ, ಯಾವ ದಿಕ್ಕಿನ ಬಿಸಿಲು ಎಂದು ಒಂದು ಮಾತೂ ಕೇಳದೆ, ಚಿಗುರು ತರಿಸುವ ಟಾನಿಕ್ಕಿನ ಬಾಟಲಿ ಮತ್ತು ನೀರಲ್ಲಿ ಕರಗುವ ಗೊಬ್ಬರದ ಪೊಟ್ಟಣವನ್ನು ಮುಂದಿಟ್ಟರು, ಸುಟ್ಟ ಕೊಂಬೆಗಳನ್ನೆಲ್ಲ ಈಗಲೇ ಸವರಿಬಿಡಿ ಎಂದೂ ಹೇಳಿದರು. ಎರಡರ ಬೆಲೆ ಸೇರಿ ನೆಟ್‌ನ ಬೆಲೆಗಿಂತ ಹೆಚ್ಚಾಗಿತ್ತು. ಬೇರು ಬಳಲಿರುವಾಗ ಗೊಬ್ಬರದ ಲವಣ ಮತ್ತಷ್ಟು ಸುಡುತ್ತದೆ, ಉರಿಬೇಸಿಗೆಯಲ್ಲಿ ಬಲವಂತವಾಗಿ ಹೊರಡಿಸಿದ ಎಳೆಚಿಗುರು ಮೊದಲ ಬಿಸಿಲಿಗೇ ಬಾಡುತ್ತದೆ. ಸವರುವ ಸಲಹೆ ಇನ್ನೂ ಅಪಾಯಕಾರಿ. ಅರ್ಧ ಸುಟ್ಟ ಎಲೆಯೂ ಉಳಿದರ್ಧದಿಂದ ಗಿಡಕ್ಕೆ ಆಹಾರ ಕೊಡುತ್ತಿರುತ್ತದೆ, ಅಲ್ಲದೆ ಕೆಳಗಿನ ಕಾಂಡಕ್ಕೆ ನೆರಳಾಗಿಯೂ ಇರುತ್ತದೆ. ಸತ್ತಂತೆ ಕಾಣುವ ರೆಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರೆ ಒಳಗೆ ಹಸಿರು ತೇವ ಕಂಡೀತು. ಕಂಡರೆ ಆ ರೆಂಬೆ ಬದುಕಿದೆ ಎಂದೇ ಅರ್ಥ. ಹೊಸ ಚಿಗುರು ಎಲ್ಲಿಂದ ಹೊರಡುತ್ತದೆ ಎಂದು ಗಿಡವೇ ತೋರಿಸುವವರೆಗೆ ಕತ್ತರಿ ಮುಟ್ಟಬಾರದು. ಪರಿಣತರು ಎಂದು ನಂಬಿ ಬಂದವರಿಗೆ ಇಷ್ಟನ್ನಾದರೂ ಹೇಳುವ ಹೊಣೆ ಗಿಡ ಮಾರುವವರಿಗೆ ಇರಬೇಕು.

ಮೇ ತಿಂಗಳ ಗುಡುಗು ಮಳೆಗಳು ಶುರುವಾದ ಮೇಲೆ ಗಿಡ ತಿರುಗಿಕೊಂಡಿತು. ಬರಿದಾಗಿದ್ದ ಕೊಂಬೆಗಳ ಗೆಣ್ಣುಗಳಲ್ಲಿ, ಹಳೆಯ ಎಲೆತೊಟ್ಟಿನ ಗುರುತಿನ ಮೇಲ್ಗಡೆ, ಮುಳ್ಳಿನ ಬುಡದಲ್ಲಿ ನಸುಗೆಂಪು ಛಾಯೆಯ ಮೊಗ್ಗುಗಳು ಉಬ್ಬಿದವು. ಆ ಚಿಗುರು ಹಿಗ್ಗಿ, ತಿಳಿಹಸಿರಿನಿಂದ ಕಡುಹಸಿರಿಗೆ ತಿರುಗಿ, ಮುಟ್ಟಿದರೆ ತೊಗಲಿನಂತೆ ಗಟ್ಟಿಯಾದ ಬಳಿಕವೇ ಒಂದು ಹಿಡಿ ಎರೆಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಕೊಟ್ಟು, ಆಗಲೂ ಒಣಗಿಯೇ ಉಳಿದಿದ್ದ ತುದಿಗಳನ್ನು ಸವರಿದೆವು. ನೆಟ್ ಕೀಟಗಳನ್ನು ತಡೆಯುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೊಸ ಚಿಗುರಿನ ಮೇಲೆ ರಂಗೋಲಿ ಹುಳು ಬೆಳ್ಳಿಗೆರೆ ಎಳೆಯಿತು, ಹಕ್ಕಿಯ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿಹುಳುಗಳೂ ಕಾಣಿಸಿಕೊಂಡವು. ಹುಳುಗಳನ್ನು ಕೈಯಿಂದ ಆರಿಸಿ, ಬೇವಿನೆಣ್ಣೆಯನ್ನು ಸಂಜೆಯ ಹೊತ್ತು ಸಿಂಪಡಿಸಿದ್ದು ಸಾಕಾಯಿತು. ಬಿಸಿಲಿರುವಾಗ ಎಣ್ಣೆ ಸಿಂಪಡಿಸಿದರೆ ಎಲೆ ಮತ್ತೆ ಸುಡುವ ಸಂಭವವಿದೆ.

ನೆಟ್ ತೆಗೆಯುವ ಬಗೆಯನ್ನು ನಮ್ಮ ಜಿಲ್ಲೆಯವರು ತೋಟದಿಂದಲೇ ಕಲಿಯಬಹುದು. ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿ, ಎಂದರೆ ನೆರಳು ಮರಗಳ ಕೊಂಬೆ ಸವರಿ, ಕಾಫಿಗೆ ಬೆಳಕು ಬಿಡುವಂತೆ, ಸಸಿಗಳ ಚಪ್ಪರವನ್ನು ನಾಟಿಗೆ ಮುಂಚೆ ಹಂತಹಂತವಾಗಿ ತೆಳುವಾಗಿಸುವಂತೆ, ಇಲ್ಲಿಯೂ ನೆರಳನ್ನು ಒಮ್ಮೆಲೇ ಕಿತ್ತು ಹಾಕಬಾರದು. ನೆಟ್ ಕೆಳಗೆ ಹುಟ್ಟಿದ ಎಲೆ ನೇರ ಬಿಸಿಲನ್ನು ಕಂಡಿರುವುದಿಲ್ಲ. ಮೊದಲು ಪಶ್ಚಿಮದ ತುಂಡನ್ನು ಮಡಿಸಿಟ್ಟು, ನಂತರ ಮೋಡದ ದಿನಗಳಲ್ಲಿ ಪೂರ್ತಿ ಸರಿಸಿ, ಬಿಸಿಲು ಕಾದಾಗ ಮತ್ತೆ ಎಳೆದು, ಹೀಗೆ ಒಗ್ಗಿಸಿ, ಮುಂಗಾರು ಹಿಡಿಯುವ ವೇಳೆಗೆ ಪೂರ್ತಿ ಬಿಚ್ಚಿಡಬೇಕು. ಜೂನ್, ಜುಲೈನಲ್ಲಿ ನಮ್ಮಲ್ಲಿ ಮೊದಲೇ ಬೆಳಕು ಕಡಿಮೆ. ಆಗಲೂ ನೆಟ್ ಬಿಟ್ಟರೆ ಎಲೆ ಒಣಗದೆ ಶಿಲೀಂಧ್ರಕ್ಕೆ ಆಹ್ವಾನ ಕೊಟ್ಟಂತೆ, ಕಟ್ಟಿದ ತಂತಿಗೂ ಮಳೆನೀರಿನ ಭಾರ.

ಇನ್ನು ವಸ್ತುವಿನ ಗುಣಮಟ್ಟ. ನಾನು ತಂದದ್ದು ಹೆಣೆದ ಬಗೆಯದು, ಅಂಚು ಕತ್ತರಿಸಿದಲ್ಲಿ ಎಳೆ ಬಿಡಿಸಿಕೊಂಡು ಬರಲಿಲ್ಲ. ನೇಯ್ದ ಬಗೆಯಾದರೆ ಅಂಚನ್ನು ಮಡಿಸಿ ಹೊಲಿಯಬೇಕಾಗುತ್ತದೆ. 3 ಮೀಟರ್ ಅಗಲದ್ದಕ್ಕೆ ಉದ್ದದ ಮೀಟರಿಗೆ 110 ರೂಪಾಯಿ ಕೊಟ್ಟೆ. ಅಲ್ಲಿಯೇ ಇದಕ್ಕಿಂತ ಅಗ್ಗದ ಮತ್ತೊಂದು ಸುರುಳಿ ಇತ್ತು, ಆದರೆ ಅದರ ಚೀಟಿಯಲ್ಲಿ ಯುವಿ ರಕ್ಷಣೆಯ ಉಲ್ಲೇಖವಿರಲಿಲ್ಲ. ಆ ರಕ್ಷಣೆ ಇಲ್ಲದ ಪ್ಲಾಸ್ಟಿಕ್ ಬಿಸಿಲಿಗೆ ಬೇಗ ಪುಡಿಯಾಗಿ ಕುಂಡದ ಮಣ್ಣಿಗೇ ಉದುರುವುದರಿಂದ, ಉಳಿಸುವ ಹಣ ಉಳಿತಾಯವಾಗದು. ಒಂದು ಬೇಸಿಗೆ ಕಳೆದರೂ ನಮ್ಮ ನೆಟ್‌ನ ಬಣ್ಣ ಮಾಸಿಲ್ಲ, ಎಳೆದರೆ ಹರಿಯುವುದಿಲ್ಲ. ಸಂಜೆಯ ಬಿರುಗಾಳಿಯೊಂದರಲ್ಲಿ ಬಿದ್ದ ಆಲಿಕಲ್ಲುಗಳನ್ನೂ ತಡೆಯಿತು. ದೂರು ಇರುವುದು ಜೊತೆಗೆ ಮಾರುವ ಪ್ಲಾಸ್ಟಿಕ್ ಕ್ಲಿಪ್ಪುಗಳ ಬಗ್ಗೆ. ಅದೇ ಗಾಳಿಗೆ ಅವುಗಳಲ್ಲಿ ಹಲವು ಬಾಯಿ ತೆರೆದು ಹಾರಿಹೋದವು, ನೆಟ್‌ನ ಒಂದು ಮೂಲೆ ಬಿಡಿಸಿಕೊಂಡು ಗಿಡದ ತುದಿಗೆ ಬಡಿಯಿತು. ಅವುಗಳ ಬದಲು ಅಂಚಿನ ಉದ್ದಕ್ಕೂ ನೈಲಾನ್ ಹಗ್ಗ ಪೋಣಿಸಿ ತಂತಿಗೆ ಕಟ್ಟಿದ ಮೇಲೆ ಮತ್ತೆ ತೊಂದರೆಯಾಗಲಿಲ್ಲ.

ತಾರಸಿಯಲ್ಲಿ ಕುಂಡಗಳಿಗೆ ಮಧ್ಯಾಹ್ನದ ಮರೆ ಇಲ್ಲದವರು, ಅದರಲ್ಲೂ ನರ್ಸರಿಯ ನೆರಳಿನಿಂದ ಹೊಸದಾಗಿ ನಿಂಬೆ, ಹೇರಳೆ, ಮೂಸಂಬಿ ಗಿಡ ತಂದವರು, ಫೆಬ್ರವರಿ ಮುಗಿಯುವುದರೊಳಗೆ ಐವತ್ತರ ನೆಟ್ ಕೊಂಡಿಡುವುದು ಉಚಿತ. ಒಂದೇ ಕುಂಡವಿದ್ದು, ಅದನ್ನು ಎತ್ತಿ ಪೂರ್ವದ ಜಗಲಿಗೋ ಮರದ ಬುಡಕ್ಕೋ ಸಾಗಿಸಬಲ್ಲವರಿಗೆ ಇದರ ಅಗತ್ಯವಿಲ್ಲ. ನೆಲದಲ್ಲಿ ಬೇರೂರಿ ನಾಲ್ಕಾರು ವರ್ಷವಾದ ಗಿಡಕ್ಕೂ ಬೇಡ, ಅದಕ್ಕೆ ದರಗಿನ ಹೊದಿಕೆ ಮತ್ತು ಕಾಂಡಕ್ಕೆ ಸುಣ್ಣ ಸಾಕು.